ಕಡ್ಡಿಪೆಟಗಿ ಐತೇನ್ರಿ?

ಬಹಳ ವರ್ಷ ಬೀಡಿ ಸೇದಿದವರನ್ನು ಹುಡುಕಿ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಗೆ ಬೆಳಗಾವಿಗೆ ಕಳಿಸುವುದು ಖಾನಾಪುರದಲ್ಲಿ ನಮ್ಮ ಕೆಲಸ. "ಬೀಡಿ ಸೇದ್ತೀರೇನ್ರಿ?" ಎಂದು ನಾನು ಕೇಳಿದರೆ ಎಲ್ಲರೂ "ಇಲ್ರೀ ಬಾಯಾರ" ಅನ್ನೋರು. ಜೊತೆಗಾರ್ತಿ ಸವಿತಾಳ ಯಾದಿ ಮಾತ್ರ ದಿನದಿನಕ್ಕೆ ಉದ್ದವಾಗುತ್ತಿತ್ತು. ನನಗೋ ಹೊಟ್ಟೆಯುರಿ. ಒಂದು ದಿನ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಅವಳು ಬೀಡಿಯ ಮಾತೇ ಎತ್ತಲಿಲ್ಲ. "ಕಾಕಾ, ಕಡ್ಡಿಪೆಟಗಿ ಐತೇನ್ರಿ?" ಅಂದಳು. ಕಾಕಾನ ಕೈ ತಾನಾಗಿಯೇ ಕಿಸೆಗೆ ಹೋಯಿತು. ಇಷ್ಟು ಸಣ್ಣದು ನನಗ್ಯಾಕೆ ಹೊಳೆಯಲಿಲ್ಲ!

ಉರಿಯುತ್ತಲೇ ಬೆಳಗಾವಿಯ ಖಾಸಬಾಗದ ನಮ್ಮ ಮನೆಗೆ ಬಂದೆ. ಬೀಡಿ ಬಿಟ್ಟು ಮೂರು ವರ್ಷವಾಯಿತು ಎನ್ನುವ ಗಂಡನಿಗೆ, "ದೀಪಾ ಹಚ್ಚಬೇಕು, ಕಡ್ಡಿಪೆಟಗಿ ಐತೇನ್ರಿ?" ಅಂದೆ. ಕಿಸೆಯಿಂದ ತೆಗೆದು ಕೊಟ್ಟರು.

ನನ್ನ ಯಾದಿಯ ಮೊದಲ ಹೆಸರು ಬರೆದೆ. ಸವಿತಾಳಿಗೆ ಸಿಗದೆ ನನಗೇ ಸಿಕ್ಕವರು ಇವರೊಬ್ಬರೇ.