ಒಂದು ಗಂಟೆಗೆ ಇಸ್ತ್ರಿ ಬೇಕಿದೆ

ಬೆಳಿಗ್ಗೆ ಏಳೂಮುಕ್ಕಾಲು. ಕ್ವಾಲಾಲಂಪುರದ ಹೋಟೆಲ್ ರೂಮಿನಲ್ಲಿ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದೆ. ಫೋನು ಬಡಿದುಕೊಂಡಿತು. ರಿಸೆಪ್ಷನ್ನಿನ ಕವಿತಾ. ತಮಿಳು ಮನೆಯ ಹುಡುಗಿ, ಹಿಂದಿನ ದಿನ ಚೆಕ್-ಇನ್ ಮಾಡುವಾಗಲೇ ದೋಸ್ತಿಯಾಗಿತ್ತು. ಅಲ್ಲಿಯವರ ಇಂಗ್ಲಿಷಿಗೆ 'ಆ', 'ಲಾ' ಎಂಬ ಬಾಲ ಇದ್ದೇ ಇರುತ್ತದೆ.

"ಆಂಟೀ, ಸಾರಿ ಆ. ಯುವರ್ ಹಸ್ಬೆಂಡ್ ಈಸ್ ಆಸ್ಕಿಂಗ್ ಫಾರ್ ಎ ವೈಫ್ ಲಾ."

"ವಾಟ್?"

"ಒನ್ ಅವರ್ ಓನ್ಲಿ," ಎಂದಳು, ನನ್ನನ್ನು ಸಮಾಧಾನಪಡಿಸುವವಳಂತೆ.

ನನ್ನ ಯಜಮಾನರಿಗೆ ಹೆಂಡತಿ ಬೇಕಂತೆ. ಒಂದೇ ಗಂಟೆ ಸಾಕಂತೆ. ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯನಿಗೆ ಇರುವ ಒಬ್ಬಳ ಮಾತು ಕೇಳಿಸಿಕೊಳ್ಳಲೇ ಪುರುಸೊತ್ತಿಲ್ಲ. ಇನ್ನೊಬ್ಬಳನ್ನು ಕಟ್ಟಿಕೊಂಡು ಏನು ಮಾಡುತ್ತಾರೆ? ಟವೆಲನ್ನು ತಲೆಗೆ ಸುತ್ತಿಕೊಂಡೇ ಕೆಳಗಿಳಿದೆ.

ನಮ್ಮ ಯಜಮಾನರು, ಅಂದರೆ ನಮ್ಮ ಡಾಕ್ಟರು, ಈ ಅಂಕಣದ ಹಳೆಯ ಓದುಗರಿಗೆ ಪರಿಚಿತರೇ. ಹೊಸಬರಿಗಾಗಿ ಎರಡು ಮಾತು. ಉಡುಪಿಯವರು. ಮೆಡಿಕಲ್ ಕಾಲೇಜುಗಳಲ್ಲಿ ಅನಾಟಮಿ ಪಾಠ ಮಾಡಿ ಕಳೆದ ವರ್ಷ ನಿವೃತ್ತರಾದರು. ಊರು ನೋಡುವುದರಲ್ಲೂ ಅವರದು ಅನಾಟಮಿ ಪದ್ಧತಿಯೇ. ಪ್ರತಿ ಭಾಗವನ್ನೂ ಬಿಡಿಸಬೇಕು, ಹೆಸರು ಬರೆಯಬೇಕು, ಮುಂದಿನ ಟೇಬಲ್ಲಿಗೆ ಹೋಗಬೇಕು. ಟೋಕಿಯೋದಲ್ಲಿ ಒಂಬತ್ತು ದಿನ ಹೀಗೇ ಓಡಾಡಿದ್ದೆವು. ಜನಸಾಗರವೇ ದಾಟುವ ಆ ದೊಡ್ಡ ಕ್ರಾಸಿಂಗಿನಲ್ಲಿ ನಾನು ಒಂದು ನಿಮಿಷ ಬಾಯಿ ಬಿಟ್ಟುಕೊಂಡು ನಿಂತರೆ, "ನಿಲ್ಲುದು ಬೇಡ ಮಾರಾಯ್ತಿ, ಇದು ದಾಟ್ಲಿಕ್ಕೆ ಇರುದು," ಎಂದು ಕೈ ಹಿಡಿದು ಎಳೆದಿದ್ದರು.

ವಾಪಸ್ ಬರುವಾಗ ಕ್ವಾಲಾಲಂಪುರದಲ್ಲಿ ಒಂದೂವರೆ ದಿನದ ಸ್ಟಾಪ್‌ಓವರ್. ಅದಕ್ಕೂ ಒಂದು ಎಕ್ಸೆಲ್ ಶೀಟು! ಮೊದಲ ದಿನ ಅವಳಿ ಗೋಪುರ (ಫೋಟೋ ಸಹಿತ ನಲವತ್ತು ನಿಮಿಷ), ಬಟು ಗುಹೆಗಳ ಬಣ್ಣದ ಮೆಟ್ಟಿಲು (ಹತ್ತಿ ಇಳಿಯಲು ಒಂದೂಕಾಲು ಗಂಟೆ, ಮಂಗಗಳ ಕಾಟ ಪ್ರತ್ಯೇಕ), ಚೈನಾಟೌನು, ಮಾನೋರೈಲು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ಎತ್ತರದಿಂದ ಸುರಿದ ನೊರೆ ಚಹಾ ಕುಡಿಯಲು ಹದಿನೈದು ನಿಮಿಷ. ನಾನು ಇನ್ನೊಂದು ಲೋಟ ಕೇಳಿದೆ. ಶೀಟಿನಲ್ಲಿ ಇರಲಿಲ್ಲ, ಸಿಗಲಿಲ್ಲ.

ಎರಡನೇ ದಿನದ ಸಾಲಿನಲ್ಲಿ ಮಾತ್ರ ಒಂದು ವಿಚಿತ್ರವಿತ್ತು. 'ನಿಲಾಯ್, ಮೂರು ಗಂಟೆ.'

"ನಿಲಾಯ್‌ನಲ್ಲಿ ಏನಿದೆ ನೋಡೋಕೆ?" ಎಂದು ಕೇಳಿದ್ದೆ.

"ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲೇ ಉಂಟು. ನಮ್ಮ ಮಣಿಪಾಲದ ಹಳೆ ಕಲೀಗ್ ಇದ್ದಾನಲ್ಲ, ಅವನ ಮನೆಯಲ್ಲಿ ಊಟ."

ಊಟಕ್ಕೆ ಮೂರು ಗಂಟೆ! ಚಹಾಕ್ಕೆ ಹದಿನೈದು ನಿಮಿಷ ಕೊಟ್ಟ ಮನುಷ್ಯ! ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ಮೆಟ್ಟಿಲು ಹತ್ತಿದ ಮಂಡಿನೋವಿನಲ್ಲಿ ಬುದ್ಧಿ ಓಡಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಈ ದೇಶಕ್ಕೆ ಕಾಲಿಟ್ಟ ಗಳಿಗೆಯಿಂದ ನಮ್ಮವರಿಗೆ ಭಾಷೆಯ ಹುಚ್ಚು ಹಿಡಿದಿತ್ತು. ಮಲಯ್ ಭಾಷೆಯ ತುಂಬ ನಮ್ಮ ಪದಗಳೇ. ಭಾಷೆಗೆ ಬಹಾಸಾ, ಹೆಸರಿಗೆ ನಾಮ, ಭೂಮಿಗೆ ಬೂಮಿ, ಗುರುವಿಗೆ ಗುರುವೇ. "ಅರ್ಧ ಭಾಷೆ ನಮ್ಮದೇ ಉಂಟು, ಇನ್ನರ್ಧ ಎರಡು ದಿನದಲ್ಲಿ ಕಲಿಬಹುದು," ಎಂದು ಟ್ಯಾಕ್ಸಿಯಲ್ಲೇ ಘೋಷಿಸಿದ್ದರು. ಫೋನು ನೋಡಿ ನಾಲ್ಕು ವಾಕ್ಯಗಳನ್ನು ಬಾಯಿಪಾಠವೂ ಮಾಡಿದ್ದರು.

ಅವತ್ತು ಬೆಳಿಗ್ಗೆ ಆದದ್ದಿಷ್ಟು. ನಾನು ಸ್ನಾನಕ್ಕೆ ಹೋದ ಕೂಡಲೇ ಡಾಕ್ಟರು ಸೂಟ್‌ಕೇಸಿನ ತಳದಿಂದ ಒಂದು ಬಿಳಿ ಅಂಗಿ ತೆಗೆದಿದ್ದಾರೆ. ಮುದ್ದೆಯಾಗಿತ್ತು. ಕಾರಿಡಾರಿಗೆ ಬಂದರೆ ರೂಮು ಗುಡಿಸುವ ಹಿರಿಯ ಹೆಂಗಸೊಬ್ಬರು ಸಿಕ್ಕಿದ್ದಾರೆ. ಇಂಗ್ಲಿಷಿನಲ್ಲಿ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅರ್ಧ ಭಾಷೆ ನಮ್ಮದೇ ಅಲ್ಲವೇ? ಅಂಗಿಯನ್ನು ಬೆನ್ನ ಹಿಂದೆ ಮಡಚಿ ಹಿಡಿದುಕೊಂಡು, ಎದೆಯುಬ್ಬಿಸಿ ಹೇಳಿದ್ದಾರೆ:

"ಸಾಯಾ ಮಾಹು ಇಸ್ತ್ರಿ. ಸಾತು ಜಾಮ್."

ನನಗೆ ಇಸ್ತ್ರಿ ಬೇಕು, ಒಂದು ಗಂಟೆ. ಎಷ್ಟು ಸರಳ! ಆ ತಾಯಿ ಎರಡು ಹೆಜ್ಜೆ ಹಿಂದೆ ಸರಿದಿದ್ದಾರೆ. ಕೇಳಿಸಲಿಲ್ಲವೇನೋ ಎಂದುಕೊಂಡು ನಮ್ಮವರು ಇನ್ನಷ್ಟು ಜೋರಾಗಿ ಅದನ್ನೇ ಹೇಳಿದ್ದಾರೆ. ಆಕೆ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ರಿಸೆಪ್ಷನ್ನಿಗೆ ಓಡಿದ್ದಾರೆ. 'ನಿಲ್ಲಿ, ನಿಲ್ಲಿ' ಎಂದು ಇವರೂ ಹಿಂದೆಯೇ.

ನಾನು ಕೆಳಗೆ ಬಂದಾಗ ಕವಿತಾ ಕೌಂಟರಿನ ಹಿಂದೆ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ಮಲಯ್ ಭಾಷೆಯಲ್ಲಿ ಇಸ್ತ್ರಿ ಎಂದರೆ ಹೆಂಡತಿ. ನಮ್ಮ 'ಸ್ತ್ರೀ' ಸಮುದ್ರ ದಾಟಿ ಹಾಗಾಗಿದ್ದಾಳೆ. ಬಟ್ಟೆಗೆ ಹಾಕುವ ಇಸ್ತ್ರಿಗೆ ಅಲ್ಲಿ ಸೆತೆರಿಕಾ ಅನ್ನುತ್ತಾರೆ.

"ಹಾಗಾದ್ರೆ ಗಂಡನಿಗೆ ಏನಂತಾರೆ?" ಎಂದೆ.

"ಸುವಾಮಿ," ಎಂದಳು ಕವಿತಾ.

ಗಂಡ ಸ್ವಾಮಿ, ಹೆಂಡತಿ ಇಸ್ತ್ರಿ! ಇಷ್ಟು ಸತ್ಯವಂತ ಭಾಷೆಯನ್ನು ನಾನು ಇನ್ನೊಂದು ಕಂಡಿಲ್ಲ.

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಹಿರಿಯ ಹೆಂಗಸಿಗೆ ಕೈ ಮುಗಿದೆ, ಅವರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ನಮ್ಮ ಡಾಕ್ಟರು ಬಿಳಿ ಅಂಗಿಯನ್ನು ಇನ್ನೂ ಬೆನ್ನ ಹಿಂದೆಯೇ ಹಿಡಿದಿದ್ದರು. ಆಗ ನನ್ನ ಬುದ್ಧಿ ಓಡಿತು.

"ಅಲ್ಲಾ ರೀ, ಟೋಕಿಯೋದಲ್ಲಿ ಒಂಬತ್ತು ದಿನ ಟೀ ಶರ್ಟಲ್ಲೇ ತಿರುಗಿದ್ರಿ. ಸ್ನೇಹಿತರ ಮನೆ ಊಟಕ್ಕೆ ಗರಿಗರಿ ಬಿಳಿ ಅಂಗಿ ಯಾಕೆ?"

"ಎಂತ ಇಲ್ಲ ಮಾರಾಯ್ತಿ..."

"ಎಂತ ಇದೆ, ಹೇಳಿ."

ಲಾಬಿಯ ಸೋಫಾದಲ್ಲಿ ಕುಳಿತು ಹೇಳಿದರು. ನಿಲಾಯ್‌ನ ಒಂದು ಕಾಲೇಜಿನಲ್ಲಿ ಅನಾಟಮಿಗೆ ಜನ ಬೇಕಂತೆ. ಎರಡು ವರ್ಷದ ಕಾಂಟ್ರ್ಯಾಕ್ಟು. ಹಳೆಯ ಕಲೀಗ್ ಹೆಸರು ಸೂಚಿಸಿದ್ದಾರೆ. ಹನ್ನೊಂದು ಗಂಟೆಗೆ ಇಂಟರ್‌ವ್ಯೂ. ಕ್ವಾಲಾಲಂಪುರದ ಮೇಲೆ ಟಿಕೆಟ್ ಮಾಡಿಸಿದ್ದೇ ಇದಕ್ಕಂತೆ!

"ಸಿಕ್ಕಿದ ಮೇಲೆ ಹೇಳುವ ಅಂತ ಇದ್ದೆ. ಸರ್‌ಪ್ರೈಸ್."

"ಸರ್‌ಪ್ರೈಸ್ ಅಂದ್ರೆ ಸೀರೆ ಕಣ್ರೀ. ಮನೆ ಖಾಲಿ ಮಾಡಿಸೋದಲ್ಲ."

ನನಗೆ ಕೋಪ ಬಂದಿತ್ತು. ಯಾಕೆಂದು ಕೇಳಿ. ಇವರ ಕೆಲಸದ ಹಿಂದೆ ಮಣಿಪಾಲ, ದಾವಣಗೆರೆ, ಮಂಗಳೂರು, ಮೈಸೂರು ಎಂದು ನಾಲ್ಕು ಊರು ಸುತ್ತಿದವಳು ನಾನು. ಪ್ರತಿ ಸಲವೂ ಬ್ಯಾಂಕಿನಲ್ಲಿ ವರ್ಗಾವಣೆಗೆ ಅರ್ಜಿ ಹಿಡಿದು ನಿಂತವಳು. ಐವತ್ತೇಳನೇ ವಯಸ್ಸಿನಲ್ಲಿ, ಸ್ವಯಂನಿವೃತ್ತಿ ತೆಗೆದುಕೊಂಡು, ಹುಡುಗಿಯಾಗಿದ್ದಾಗಿನ ಆಸೆಯಂತೆ ಕಾನೂನು ಕಾಲೇಜಿಗೆ ಸೇರಿದ್ದೇನೆ. ಈಗ ಎರಡನೇ ವರ್ಷ. ಕ್ಲಾಸಿನ ಮಕ್ಕಳು ಆಂಟಿ ಎನ್ನುತ್ತಾರೆ, ಆದರೆ ನೋಟ್ಸ್ ನನ್ನದನ್ನೇ ಕೇಳುತ್ತಾರೆ. ಇದೆಲ್ಲ ಗೊತ್ತಿದ್ದೂ ಇವರ ಶೀಟಿನಲ್ಲಿ ನನಗೊಂದು ಕಾಲಂ ಇರಲಿಲ್ಲ.

"ನನ್ನ ಪರೀಕ್ಷೆ?" ಎಂದೆ.

ಅವರು ಅಂಗಿಯ ಗುಂಡಿ ತಿರುಗಿಸತೊಡಗಿದರು. ಆಮೇಲೆ, "ಬೆಳಿಗ್ಗೆ ಎದ್ದು ನೀನು ಕಾಲೇಜಿಗೆ ಹೋಗ್ತಿ. ನಾನು ಪೇಪರ್ ಎರಡು ಸಲ ಓದ್ತೇನೆ. ಪಾಠ ಮಾಡ್ದೆ ಒಂದು ವರ್ಷ ಆಯ್ತು, ಗೊತ್ತುಂಟಾ?" ಎಂದರು.

ಗೊತ್ತಿರಲಿಲ್ಲ. ಅಂದರೆ, ವರ್ಷ ಆಗಿದ್ದು ಗೊತ್ತಿತ್ತು, ಅದು ಇಷ್ಟು ಕೊರೆಯುತ್ತಿದೆ ಎಂದು ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಪಾಪ ಅನ್ನಿಸಿತು. ಕೋಪ ಮಾತ್ರ ಹಾಗೇ ಇತ್ತು. (ಎರಡೂ ಒಟ್ಟಿಗೆ ಇರಬಲ್ಲವು. ಮದುವೆಯಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.)

ಅಷ್ಟರಲ್ಲಿ ಆ ಹಿರಿಯ ಹೆಂಗಸು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಬಂದರು. ನೇರವಾಗಿ ನನ್ನ ಕೈಗೆ ಕೊಟ್ಟರು. ಯಾವ ದೇಶವಾದರೂ ಅದು ತಲುಪುವ ಕೈ ಒಂದೇ! ನಾನು ಅದನ್ನು ಡಾಕ್ಟರ ಕೈಗೆ ದಾಟಿಸಿದೆ.

"ನಾನಾ?"

"ನೀವೇ. ಇಂಟರ್‌ವ್ಯೂ ಯಾರದು?"

ರೂಮಿನ ಮೇಜಿನ ಮೇಲೆ ಟವೆಲ್ ಹಾಸಿ, ನಾನು ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕುಳಿತು ಪಾಠ ಹೇಳಿದೆ. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಮನುಷ್ಯನ ಭುಜದ ಪ್ರತಿ ಸ್ನಾಯುವಿನ ಹೆಸರು ಬಲ್ಲವರಿಗೆ ಅಂಗಿಯ ಭುಜ ಎಲ್ಲಿ ತಿರುಗುತ್ತದೆಂದು ತಿಳಿಯಲಿಲ್ಲ. ನಲವತ್ತು ನಿಮಿಷ ಹಿಡಿಯಿತು. ಎರಡು ಸುಕ್ಕು ಉಳಿದವು, ಇರಲಿ ಎಂದೆ.

ನಿಲಾಯ್‌ನಲ್ಲಿ ಅವರು ಒಳಗೆ ಹೋದರು, ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಮುಕ್ಕಾಲು ಗಂಟೆಯಾದ ಮೇಲೆ ಅರ್ಧ ನಗು, ಅರ್ಧ ಪೆಚ್ಚುಮೋರೆ ಹಾಕಿಕೊಂಡು ಬಂದರು. ಪಾಠ, ಅನುಭವ ಎಲ್ಲ ಕೇಳಿ ಆದ ಮೇಲೆ ಅಲ್ಲಿದ್ದ ಡೀನ್ ಮೇಡಂ ಕೊನೆಯ ಪ್ರಶ್ನೆ ಹಾಕಿದರಂತೆ: "ಯುವರ್ ವೈಫ್ ಓಕೆ ಆ?"

"ನೀವೇನಂದ್ರಿ?"

"ಅವಳನ್ನು ಕೇಳಿಯೇ ಇಲ್ಲ ಅಂದೆ. ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ. ಅವರು, 'ಆಸ್ಕ್ ಹರ್ ಫಸ್ಟ್ ಲಾ, ವಿ ಕ್ಯಾನ್ ವೇಟ್ ಒನ್ ವೀಕ್' ಅಂದ್ರು."

ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಏರ್‌ಪೋರ್ಟಿನ ಟ್ಯಾಕ್ಸಿ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಈಗ ಕೇಳ್ತಾ ಇದ್ದೇನೆ. ಎಂತ ಮಾಡುವ?"

ಮೂವತ್ತೊಂದು ವರ್ಷದಲ್ಲಿ, ನಾಲ್ಕು ಊರು ಬದಲಾದ ಮೇಲೆ, ಮೊದಲ ಸಲ ಕಿವಿಗೆ ಬಿದ್ದ ಪ್ರಶ್ನೆ. ಉತ್ತರ ಮಾತ್ರ ಸಿದ್ಧವಿತ್ತು.

"ನೀವು ಇಲ್ಲಿಗೆ ಬನ್ನಿ, ಪಾಠ ಮಾಡಿ. ನಾನು ಮೈಸೂರಲ್ಲಿದ್ದು ಲಾ ಮುಗಿಸ್ತೀನಿ. ರಜಕ್ಕೆ ಬಂದು ಆ ಎರಡನೇ ಲೋಟ ಚಹಾ ಕುಡೀತೀನಿ."

ಅವರು ಹೊರಗಿನ ತಾಳೆ ತೋಟಗಳನ್ನು ನೋಡಿದರು, ಆಮೇಲೆ ತಮ್ಮ ಅಂಗಿಯ ತೋಳನ್ನು.

"ಹಾಗಾದ್ರೆ ನನ್ನ ಅಂಗಿ ಇಸ್ತ್ರಿ?"

"ಇವತ್ತು ಕಲಿತಿದ್ದೀರಲ್ಲ. ಎರಡು ಸುಕ್ಕು ಬಿಟ್ಟರೆ ಪಾಸು."

ಮೊನ್ನೆ ಕಾಲೇಜಿಗೆ ಒಪ್ಪಿಗೆಯ ಮೇಲ್ ಹೋಯಿತು. ಕಳಿಸುವ ಮುಂಚೆ ನನಗೆ ತೋರಿಸಿದರು. (ಮೂರು ಸ್ಪೆಲ್ಲಿಂಗ್ ತಿದ್ದಿದೆ.)

ನಿಮ್ಮನೆ ಸ್ವಾಮಿಗಳೂ ದಿನ ಬೆಳಗಾದರೆ ಇಸ್ತ್ರಿ ಎಲ್ಲಿ, ಇಸ್ತ್ರಿ ಆಯಿತಾ ಎಂದು ಕೇಳುತ್ತಿರಬೇಕಲ್ಲ? ಇಸ್ತ್ರಿಯನ್ನೇ ಏನಾದರೂ ಕೇಳಿದ್ದುಂಟಾ?