ಗಾಣದ ಒಲೆ ಮತ್ತು ಲುಬ್ಧಕ

ಮೊನ್ನೆ ರಾಮದುರ್ಗದಿಂದ ಬರುವಾಗ ಬೆಲ್ಲ ಕಾಯಿಸುವ ವಾಸನೆ ಬಸ್ಸಿನ ಕಿಟಕಿಯಿಂದ ಒಳಗೆ ನುಗ್ಗಿತು. ನನ್ನ ತೊಡೆಯ ಮೇಲೆ ವಿಜ್ಞಾನದ ಮಾಸ್ತರರ ಹಳೆಯ ನೋಟ್‌ಬುಕ್ಕು. ಮಾಸ್ತರರು ತೀರಿಕೊಂಡು ತಿಂಗಳಾಗಿತ್ತು. "ಇದರಾಗ ನಿನ್ನ ಅಕ್ಷರಾನ ಭಾಳ ಅದಾವು, ನೀನ ಇಟ್ಕೋವಾ" ಎಂದು ಅವರ ಹೆಂಡತಿ ಕೊಟ್ಟಿದ್ದರು.

ಅದರಲ್ಲಿ ಬರೆಯುತ್ತಿದ್ದಾಗ ನಾನು ಮನೋಳಿಯಲ್ಲಿ ಒಂಬತ್ತನೇ ಇಯತ್ತೆ. ಸುತ್ತಲಿನ ಊರುಗಳ ಒಂದು ಶಾಲೆಗೆ ದೊಡ್ಡ ದೂರದರ್ಶಕ ಬರುವುದಿತ್ತು. ಯಾವ ಊರಿನ ಗಾಳಿ ಶಾಂತವೋ ಆ ಊರಿಗೆ. ಅದು ನಮಗೇ ಸಿಗಬೇಕೆಂದು ಮಾಸ್ತರರಿಗೆ ಜೀವದ ಆಸೆ. ಕ್ಯಾಮೆರಾ ಮೆಲ್ಲಗೆ ತಿರುಗಿಸುತ್ತ ಲುಬ್ಧಕ ನಕ್ಷತ್ರದ ಫೋಟೋ ತೆಗೆದರೆ ಬೆಳಕಿನ ಗೆರೆ ಮೂಡುತ್ತಿತ್ತು. ಚುಕ್ಕಿ ಮಿನುಗಿದಷ್ಟೂ ಗೆರೆ ತುಂಡು ತುಂಡು. ತುಂಡು ಹೆಚ್ಚಿದರೆ ಮೇಲಿನ ಗಾಳಿ ಕದಡಿದೆ ಎಂದರ್ಥ. ಎಣಿಸಿ ಬರೆಯುವವಳು ನಾನು.

ಊರಾಚೆ ದೀಪಗಳಿಲ್ಲದ ಜಾಗವೆಂದರೆ ನಮ್ಮ ಬೆಲ್ಲದ ಗಾಣ. ಗಾಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. "ಮಾಸ್ತರ, ಮೊದಲ ಕಬ್ಬಿನ ಹಾಲು ಕುಡೀರಿ, ಚುಕ್ಕಿ ಎಲ್ಲಿ ಓಡಿ ಹೋಗತಾವು?" ಎನ್ನುತ್ತ ಅಪ್ಪ ಒಲೆಯ ಪಕ್ಕದಲ್ಲೇ ಕೂರಿಸುತ್ತಿದ್ದ. ಕ್ಯಾಮೆರಾ ಅಲ್ಲೇ ನಿಂತಿತು. ಒಲೆಯ ಮೇಲ್ಗಡೆಯೇ ಲುಬ್ಧಕ. ದಿನವೂ ನಲವತ್ತರ ಮೇಲೆ ತುಂಡುಗಳು...

ಅಮವಾಸ್ಯೆಯ ದಿನ ಎತ್ತು ಹೂಡುವುದಿಲ್ಲ, ಕಬ್ಬು ಬರುವುದಿಲ್ಲ, ಒಲೆಯೂ ಆರಿತ್ತು. ಅಂದು ಒಂಬತ್ತೇ ತುಂಡು.

"ಹಿಂಗ್ಯಾಕಾತು, ತಂಗಿ?" ಎಂದರು ಮಾಸ್ತರರು.

ನನಗೆ ಥಟ್ಟನೆ ಹೊಳೆದಿತ್ತು: ಕದಡಿದ್ದು ಊರಿನ ಗಾಳಿಯಲ್ಲ, ನಮ್ಮ ಒಲೆಯ ಝಳ. ಹೇಳಿದರೆ ಮಾಸ್ತರರು ಬೇರೆ ಕಡೆ ಹೋಗುತ್ತಾರೆ. ಹೊತ್ತು ಮುಳುಗಿದ ಮೇಲೆ ಅಪ್ಪ ನನ್ನನ್ನು ಗಾಣ ಬಿಟ್ಟು ಎಲ್ಲಿಗೂ ಕಳಿಸುವವನಲ್ಲ.

"ನಾನ ಎಣಸೂದ್ರಾಗ ತಪ್ಪೀನ್ರಿ, ಸರ್."

ಅವರು ನಂಬಿ, ನಲವತ್ತರ ಲೆಕ್ಕವನ್ನೇ ಕಳಿಸಿದರು. ದೂರದರ್ಶಕ ಬೇರೆ ಊರಿಗೆ ಹೋಯಿತು. ಅಂದಿನ ಅವರ ಮುಖ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮರುವರ್ಷವೂ ಬಂದರು, ಕಬ್ಬಿನ ಹಾಲು ಕುಡಿದರು. ಕ್ಯಾಮೆರಾ ಮಾತ್ರ ಒಲೆಯಿಂದ ದೂರ, ನಮ್ಮದೇ ಹೊಲದ ಆಚೆ ಬದುವಿಗೆ ಒಯ್ದರು. "ಬಾ ತಂಗಿ, ಬರಕೋ" ಎಂದು ಕರೆದರು. ಅಪ್ಪ ಬೇಡವೆನ್ನಲಿಲ್ಲ. ಇಷ್ಟು ಸುಲಭವಿತ್ತೇ...

ಬಸ್ಸಿನಲ್ಲಿ ನೋಟ್‌ಬುಕ್ಕು ತೆರೆದೆ. ಆ ಅಮವಾಸ್ಯೆಯ ಒಂಬತ್ತರ ಪಕ್ಕ, ಕೆಂಪು ಶಾಯಿಯಲ್ಲಿ, ಮರುವರ್ಷದ ತಾರೀಖು ಹಾಕಿ ಮಾಸ್ತರರು ಬರೆದಿದ್ದರು: "ಅಂದು ಒಲೆ ಆರಿತ್ತು. ಹುಡುಗಿಗೆ ಗೊತ್ತಿತ್ತು. ಕೇಳಬಾರದು."

ಅವರು ಕೇಳಲೇ ಇಲ್ಲ. ನಾನು ಹೇಳಬೇಕೆಂದರೆ ಈಗ ಅವರಿಲ್ಲ.