ಉಬ್ಬರ ನೋಡದೆ ಹಾಕಿದ ಸಹಿ

1999ರಲ್ಲಿ ನಾನು ಕ್ಯಾಲಿಫೋರ್ನಿಯಾ ಸರ್ಕಾರದ ಕರಾವಳಿ ಕಚೇರಿಯೊಂದರಲ್ಲಿ ಪರ್ಮಿಟ್ ಅರ್ಜಿಗಳನ್ನು ಪರಿಶೀಲಿಸುತ್ತಿದ್ದೆ. ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಜ್ವರ ನೆತ್ತಿಗೇರಿದ್ದ ಕಾಲ; ಕೊಲ್ಲಿಯ ದಡದಲ್ಲಿ ಖಾಲಿ ಜಾಗ ಕಂಡರೆ ಸಾಕು, ಆಫೀಸು ಏಳುತ್ತಿತ್ತು. ನಮ್ಮ ನಿಯಮ ಇಷ್ಟೇ: ಉಬ್ಬರದ ನೀರು ಮುಟ್ಟುವ ಗೆರೆಯಿಂದ ನೂರು ಅಡಿಯೊಳಗೆ ಕಟ್ಟುವವರು ಸಾರ್ವಜನಿಕರಿಗೆ ದಡದವರೆಗೆ ದಾರಿ ಬಿಡಬೇಕು.

ಪಾಲೋ ಆಲ್ಟೋ ಹತ್ತಿರ ಕಟ್ಟಲಿದ್ದ ಕಂಪನಿಯೊಂದರ ಎಂಜಿನಿಯರು ನದಾಫ್, ಹುಬ್ಬಳ್ಳಿಯವರು. ನಾನು ಧಾರವಾಡದವಳು. ಮೀಟಿಂಗು ಮುಕ್ಕಾಲು ಪಾಲು ಊರಿನ ಸುದ್ದಿಯಲ್ಲೇ ಕಳೆಯಿತು. ಅವರ ನಕ್ಷೆಯಲ್ಲಿ ಕಟ್ಟಡ ನೂರು ಅಡಿಯ ಆಚೆಗಿತ್ತು. ದಾರಿ ಬಿಡುವ ಪ್ರಶ್ನೆಯೇ ಇರಲಿಲ್ಲ.

"ವಿಮಾನದಿಂದ ತೆಗೆದ ಫೋಟೋ ನೋಡಿ ಮಾಡೇನ್ರಿ ಅಕ್ಕಾರ. ಪಕ್ಕಾ ಐತಿ."

ನಮ್ಮ ಕಡೆಯವರು ಎಂದು ನಂಬಿ ಸಹಿ ಹಾಕಿಬಿಟ್ಟೆ. ಉಬ್ಬರದ ಹೊತ್ತಿಗೆ ಸ್ಥಳಕ್ಕೇ ಹೋಗಿ ನಿಲ್ಲಬೇಕೆಂಬುದು ಕಚೇರಿಯ ಹಳೇ ಪದ್ಧತಿ. ಅದು ಬರೀ ಶಾಸ್ತ್ರ ಎಂದುಕೊಂಡು ಹೋಗಿರಲಿಲ್ಲ.

ಫೈಲು ನನ್ನ ಮೇಲಧಿಕಾರಿ ಡೊರೊತಿಯ ಮೇಜಿಗೆ ಹೋಯಿತು. ನಿವೃತ್ತಿಗೆ ಹತ್ತಿರವಾಗಿದ್ದ ಆಕೆ ಒಂದೇ ಮಾತು ಕೇಳಿದರು: "ನೀರು ಬಂದಾಗ ನೋಡಿದೆಯಾ?" ಇಲ್ಲ ಎಂದೆ. ಅವರು ಬೈಯಲಿಲ್ಲ. "ಬೂಟು ಹಾಕಿಕೋ. ಆ ಎಂಜಿನಿಯರನ್ನೂ ಕರೆ" ಎಂದರು.

ಹೆದ್ದಾರಿಯಲ್ಲಿ ಹೋಗುತ್ತಾ ಡೊರೊತಿ ಹಳೆಯದನ್ನು ಹೇಳಿದರು. ಅವರ ಬಾಲ್ಯದ ಮನೆಯಿಂದ ಕೊಲ್ಲಿ ಕಾಣುತ್ತಿತ್ತು, ಆದರೆ ನೀರು ಮುಟ್ಟಲು ಆಗುತ್ತಿರಲಿಲ್ಲ. ದಡದುದ್ದಕ್ಕೂ ಕಸದ ರಾಶಿ, ಬೇಲಿ. ಸರ್ಕಾರದ ಕರಾವಳಿ ಕಾರ್ಯಕ್ರಮ ಶುರುವಾದಾಗ ದಡ ಎಲ್ಲರಿಗೂ ಸಿಗಬೇಕೆಂಬ ಕಾನೂನು ಬಂತು, ಉಬ್ಬರದ ಗೆರೆ ತೋರಿಸುವ ನಕ್ಷೆ ಮಾತ್ರ ಇರಲಿಲ್ಲ. ಇವರೂ ಇಬ್ಬರು ಗೆಳತಿಯರೂ ಮರದ ಗೂಟಗಳ ಕಟ್ಟು ಹೊತ್ತು, ಮಂಡಿಯುದ್ದ ಕೆಸರಲ್ಲಿ ನಡೆದು, ಪ್ರತಿ ಉಬ್ಬರಕ್ಕೂ ನೀರು ನಿಂತಲ್ಲಿ ಗೂಟ ಹೊಡೆದರಂತೆ. ನಾನು ಶಾಸ್ತ್ರವೆಂದು ಬಿಟ್ಟ ಪದ್ಧತಿ ಹುಟ್ಟಿದ್ದು ಹಾಗೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ನದಾಫ್ ನಕ್ಷೆಯಲ್ಲಿ ಎಳೆದಿದ್ದ ಉಬ್ಬರದ ಗೆರೆಯ ಮೇಲೆ ಮೂವರೂ ನಿಂತೆವು. ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಹುಲ್ಲಿನ ನಡುವೆ ಸದ್ದಿಲ್ಲದೆ ನೀರು ಬಂತು. ನದಾಫರ ಹೊಸ ಚರ್ಮದ ಶೂ ಮುಳುಗಿಸಿ, ನಮ್ಮ ಬೆನ್ನ ಹಿಂದಕ್ಕೂ ಹರಿಯಿತು. ಆ ಫೋಟೋ ತೆಗೆದದ್ದು ಇಳಿತದ ಹೊತ್ತಿನಲ್ಲಿ! ನಿಜವಾದ ಗೆರೆಯಿಂದ ಅಳೆದರೆ ಕಟ್ಟಡ ನೂರು ಅಡಿಯೊಳಗೇ ಬರುತ್ತಿತ್ತು. ನನ್ನ ಸಹಿ ಉಳಿದಿದ್ದರೆ ಆ ದಡ ಮತ್ತೆ ಬೇಲಿಯ ಹಿಂದೆ ಹೋಗುತ್ತಿತ್ತು.

ನದಾಫ್ ಕಾಲು ನೋಡಿಕೊಂಡರು, ನಕ್ಷೆ ನೋಡಿದರು. "ತಪ್ಪಾತ್ರಿ ಅಕ್ಕಾರ. ನಾನೇ ತಿದ್ದಿ, ದಾರಿ ಬಿಟ್ಟು ಕೊಡ್ತೀನಿ." ಕೊಟ್ಟ ಮಾತು ಉಳಿಸಿಕೊಂಡರು.

ಡೊರೊತಿ ಚೀಲದಿಂದ ಗೂಟವೊಂದನ್ನು ತೆಗೆದು ನನ್ನ ಕೈಗಿಟ್ಟರು. ನೀರು ನಿಂತಲ್ಲಿ ಹೊಡೆದೆ.

ಮುಂದೆ ಆ ಕಂಪನಿ ಮುಚ್ಚಿತು, ದಾರಿ ಉಳಿಯಿತು. ಆ ದಾರಿ ತೆರೆದ ದಿನ, ಆಗಲೇ ನಿವೃತ್ತರಾಗಿದ್ದ ಡೊರೊತಿ ಎಲ್ಲರಿಗಿಂತ ಮುಂದೆ ನಡೆದು ಹೋಗಿ, ಬಗ್ಗಿ ನೀರಿಗೆ ಕೈ ಅದ್ದಿದರು. ಅದನ್ನು ಕಂಡ ಮೇಲೆ, ಉಬ್ಬರ ನೋಡದೆ ನಾನು ಒಂದು ಸಹಿಯನ್ನೂ ಹಾಕಲಿಲ್ಲ.